ನಿಮಗಿದು ಗೊತ್ತೇ? ರಾಳದೊಳಗೆ ಅಡಗಿದ ಗಾಜು

ಕಡೂರಿನಲ್ಲಿ ಹುಳುಕು ಹಲ್ಲಿಗೆ ‘ಸಿಮೆಂಟ್’ ಹಾಕಿಸಿಕೊಂಡವರ ಬಾಯಲ್ಲಿರುವುದು, ತರೀಕೆರೆಯ ಹೆದ್ದಾರಿಯಲ್ಲಿ ರಾತ್ರಿ ಹೊಳೆಯುವ ಬಿಳಿ ಗೆರೆ, ಅಜ್ಜಂಪುರದ ಬೋರ್‌ವೆಲ್ ಆಳದಲ್ಲಿ ತಿರುಗುವ ಪಂಪಿನ ಚಕ್ರ. ಮೂರೂ ಒಂದೇ ಬಳಗದವು: ಪಾಲಿಮರ್ ರಾಳ, ಅದರೊಳಗೆ ಗಾಜು. ರಾಳ ಒಂದೇ ಇದ್ದರೆ ಮೆತ್ತಗೆ, ಗಾಜು ಒಂದೇ ಇದ್ದರೆ ಪೆಡಸು. ಎರಡೂ ಕೂಡಿದಾಗ ಎಷ್ಟು ಗಟ್ಟಿ ಎಂಬುದು ಬಹುಮಟ್ಟಿಗೆ ಅವೆರಡರ ನಡುವಿನ ಹಿಡಿತದ ಮೇಲೆ ನಿಂತಿದೆ. ಹೇಗೆ? ಒಂದೊಂದಾಗಿ ನೋಡಿ.

ಬಾಯೊಳಗಿನ ಗಾಜು

1. ಹಲ್ಲಿನ ಬಣ್ಣದ ಫಿಲ್ಲಿಂಗ್‌ನಲ್ಲಿ ಮನೆ ಕಟ್ಟುವ ಸಿಮೆಂಟ್ ಲವಲೇಶವೂ ಇಲ್ಲ. ದಂತವೈದ್ಯರು ಅದನ್ನು ‘ಕಾಂಪೋಸಿಟ್’ ಎನ್ನುತ್ತಾರೆ. ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಗಾಜು ಮತ್ತು ಸಿಲಿಕಾದ ನುಣ್ಣನೆಯ ಪುಡಿ, ಮಿಕ್ಕದ್ದು ರಾಳ.

2. ತೂಕದಲ್ಲಿ 75 ಭಾಗ ಗಾಜು ಇದ್ದರೆ ಗಾತ್ರದಲ್ಲಿ ಅದು ಸುಮಾರು 57 ಭಾಗ ಮಾತ್ರ. ಗಾಜು ರಾಳಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಭಾರವಾದ್ದರಿಂದ ಈ ವ್ಯತ್ಯಾಸ. ಡಬ್ಬಿಯ ಮೇಲೆ ಸಾಮಾನ್ಯವಾಗಿ ಎದ್ದು ಕಾಣುವುದು ತೂಕದ ಅಂಕಿ. ಬಲದ ಲೆಕ್ಕ ನಡೆಯುವುದು ಗಾತ್ರದ ಅಂಕಿಯ ಮೇಲೆ.

3. ಈ ಫಿಲ್ಲಿಂಗ್‌ನ ಮೂಲಪುರುಷ ಅಮೆರಿಕದ ದಂತವೈದ್ಯ ರಫಾಯಲ್ ಬೋವೆನ್. ಮೊದಲು ಎಪಾಕ್ಸಿ ಅಂಟನ್ನು ಹಲ್ಲಿಗೆ ತುಂಬಿ ನೋಡಿದರು. ಗಟ್ಟಿಯಾಗಲು ತೀರಾ ಹೊತ್ತು ಹಿಡಿಯಿತು. ಆಮೇಲೆ ಎಪಾಕ್ಸಿ ಮತ್ತು ಅಕ್ರಿಲಿಕ್ ಎರಡರ ಗುಣವೂ ಇರುವ ‘ಬಿಸ್-ಜಿಎಂಎ’ ಎಂಬ ಹೊಸ ರಾಳವನ್ನೇ ಕಟ್ಟಿದರು. ಅದರ ಪೇಟೆಂಟ್ 1962ರದು. ಇಂದಿಗೂ ಅನೇಕ ಫಿಲ್ಲಿಂಗ್‌ಗಳ ಮೂಲ ರಾಳ ಅದೇ.

4. ಫಿಲ್ಲಿಂಗ್ ಹಾಕುವ ಮುಂಚೆ ಹಲ್ಲಿಗೆ ಹಚ್ಚುವ ನೀಲಿ ಜೆಲ್ಲಿಯಂಥ ವಸ್ತು ಆಸಿಡ್! ಸುಮಾರು ಶೇ 37ರ ಫಾಸ್ಫರಿಕ್ ಆಮ್ಲ. ಅದು ಎನಾಮಲ್ ಮೇಲೆ ಕಣ್ಣಿಗೆ ಕಾಣದ ಗುಳಿಗಳನ್ನು ಕೊರೆಯುತ್ತದೆ, ರಾಳ ಆ ಗುಳಿಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಈ ಉಪಾಯವನ್ನು 1955ರಲ್ಲಿ ತೋರಿಸಿದವರು ಮೈಕಲ್ ಬ್ಯೂನೊಕೋರ್. ಅವರು ಬಳಸಿದ್ದು ಇನ್ನೂ ಖಡಕ್, ಶೇ 85ರ ಆಮ್ಲ.

5. ಕಡೂರು, ತರೀಕೆರೆ ಸೀಮೆಯ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕ ಒಪ್ಪುವುದು ಲೀಟರಿಗೆ 1 ಮಿಲಿಗ್ರಾಂ; ಬೇರೆ ನೀರೇ ಇಲ್ಲದಿದ್ದರೆ 1.5. ಮಕ್ಕಳಿಗೆ 8 ವರ್ಷ ತುಂಬುವುದರೊಳಗೆ, ಎನಾಮಲ್ ರೂಪುಗೊಳ್ಳುವಾಗ ಇಂಥ ನೀರು ಕುಡಿಸಿದರೆ ಹಲ್ಲಿನ ಮೇಲೆ ಬಿಳಿ, ಕಂದು ಮಚ್ಚೆಗಳು ಉಳಿಯುತ್ತವೆ. ಮಚ್ಚೆ ಮುಚ್ಚಲು ಬಳಸುವ ವಸ್ತುಗಳಲ್ಲಿ ಗಾಜು-ರಾಳದ ಕಾಂಪೋಸಿಟ್ ಕೂಡ ಒಂದು.

6. ಆದರೆ ಅಂಥ ಹಲ್ಲಿಗೆ ಅಂಟಿಸುವುದು ಸಲೀಸಲ್ಲ. ಫ್ಲೋರೈಡ್ ಹೆಚ್ಚು ಸೇರಿದ ಎನಾಮಲ್‌ನ ಮೇಲ್ಪದರ ಆಸಿಡ್‌ಗೆ ಬೇಗ ಬಗ್ಗುವುದಿಲ್ಲ. ಮಾಮೂಲಿ ಹೊತ್ತು ಸಾಲದೆ ಆಸಿಡ್ಡನ್ನು ಹೆಚ್ಚು ಹೊತ್ತು ಬಿಡಬೇಕಾಗುತ್ತದೆ, ಕೆಲವೊಮ್ಮೆ ಮೇಲ್ಪದರವನ್ನು ತುಸು ಉಜ್ಜಿ ತೆಗೆಯಬೇಕಾಗುತ್ತದೆ. ಬೋರ್‌ವೆಲ್‌ನ ನೀರು ಫಿಲ್ಲಿಂಗ್‌ನ ಹಿಡಿತವನ್ನು ತೀರ್ಮಾನಿಸುವುದು ಹೀಗೆ.

7. ಮೆತ್ತನೆಯ ರಾಳವನ್ನು ಕೆಲವೇ ಸೆಕೆಂಡಿನಲ್ಲಿ ಕಲ್ಲಾಗಿಸುವುದು ನೀಲಿ ಬೆಳಕು. ರಾಳದಲ್ಲಿ ಬೆರೆಸಿದ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ರಾಸಾಯನಿಕ ಸುಮಾರು 468 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಹೀರಿ ಕ್ರಿಯೆ ಶುರುಮಾಡುತ್ತದೆ. ಮಾಮೂಲಿ ಕಾಂಪೋಸಿಟ್‌ನಲ್ಲಿ ಬೆಳಕು ಸುಮಾರು 2 ಮಿಲಿಮೀಟರ್ ಆಳಕ್ಕಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ಅದಕ್ಕೇ ಆಳದ ಹುಳುಕನ್ನು ಒಂದೇ ಸಲಕ್ಕೆ ತುಂಬದೆ ಪದರ ಪದರವಾಗಿ ತುಂಬುತ್ತಾರೆ.

8. ಗಟ್ಟಿಯಾಗುವಾಗ ರಾಳ ಕುಗ್ಗುತ್ತದೆ. ಅಕ್ರಿಲಿಕ್‌ನ ಮೂಲ ದ್ರವ ಒಂಟಿಯಾಗಿ ಗಟ್ಟಿಯಾದರೆ ಗಾತ್ರದಲ್ಲಿ ಶೇ 21ರಷ್ಟು ಕುಗ್ಗುತ್ತದೆ. ಗಾಜು ತುಂಬಿದ ದಂತ ಕಾಂಪೋಸಿಟ್ ಸಾಮಾನ್ಯವಾಗಿ ಶೇ 2ರಿಂದ 3. ಗಾಜು ಕುಗ್ಗುವುದಿಲ್ಲ, ಅದು ಆಕ್ರಮಿಸಿದಷ್ಟು ಜಾಗವೂ ಕುಗ್ಗುವುದಿಲ್ಲ. ಆದರೂ ಆ ಶೇ 2 ಸಾಕು, ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟು ಹುಳುಕಿಗೆ ಮತ್ತೆ ದಾರಿ ಮಾಡಿಕೊಡಲು.

9. ಫಿಲ್ಲಿಂಗ್ ವಸ್ತುವಿಗೂ ಪರೀಕ್ಷೆ ಉಂಟು. ಐಎಸ್‌ಒ 4049 ಮಾನಕದಂತೆ 25 ಮಿ.ಮೀ. ಉದ್ದ, 2 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಕಡ್ಡಿ ಮಾಡಿ, 37 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ದಿನ ಇಟ್ಟು, ಎರಡು ಆಧಾರಗಳ ಮೇಲೆ ಮಲಗಿಸಿ ನಡುವೆ ಒತ್ತುತ್ತಾರೆ. ಜಗಿಯುವ ಹಲ್ಲಿಗೆ ಹಾಕುವ ವಸ್ತು 80 ಮೆಗಾಪಾಸ್ಕಲ್‌ವರೆಗೆ ಮುರಿಯಬಾರದು.

10. 80 ಮೆಗಾಪಾಸ್ಕಲ್ ಎಂದರೆ ಚದರ ಸೆಂಟಿಮೀಟರಿಗೆ 800 ಕಿಲೋಗಿಂತ ತುಸು ಹೆಚ್ಚು. ಕೇಳಲು ದೊಡ್ಡದು. ಆದರೆ ಆ ಪುಟ್ಟ ಕಡ್ಡಿಯ ನಡುವೆ ಅಷ್ಟು ಒತ್ತಡ ಹುಟ್ಟಿಸಲು ಎರಡು ಕಿಲೋ ಚಿಲ್ಲರೆ ಭಾರ ಸಾಕು! ದವಡೆ ಹಲ್ಲುಗಳಿಂದ ನಾವು ಬಲವಾಗಿ ಕಚ್ಚುವಾಗ ಬೀಳುವುದು ಸುಮಾರು 50ರಿಂದ 70 ಕಿಲೋ ಭಾರ. ತೆಳುವಾದ ಫಿಲ್ಲಿಂಗ್ ಒಡೆಯುವುದು ಇದಕ್ಕೇ.

11. ಬಾಗದ ಗುಣದಲ್ಲಿ, ಅಂದರೆ ಬಿಗಿತದಲ್ಲಿ, ಎನಾಮಲ್ ಸುಮಾರು 80 ಗಿಗಾಪಾಸ್ಕಲ್. ಅದರ ಕೆಳಗಿನ ಡೆಂಟಿನ್ 15ರಿಂದ 20. ಗಾಜು ತುಂಬಿದ ಕಾಂಪೋಸಿಟ್ 10ರ ಆಸುಪಾಸು. ಗಾಜಿಲ್ಲದ ರಾಳ ಬರೀ 3ರ ಹತ್ತಿರ. ನಿಸರ್ಗವನ್ನು ಸರಿಗಟ್ಟುವುದು ಇನ್ನೂ ದೂರ.

12. ಎಕ್ಸ್‌-ರೇಯಲ್ಲಿ ಫಿಲ್ಲಿಂಗ್ ಬೆಳ್ಳಗೆ ಕಾಣಲು ಕಾರಣ ಅದರ ಗಾಜಿನಲ್ಲಿರುವ ಬೇರಿಯಂ ಅಥವಾ ಸ್ಟ್ರಾನ್ಷಿಯಂ. ಮಾಮೂಲಿ ಸಿಲಿಕಾ ಒಂದೇ ಆಗಿದ್ದರೆ ಫಿಲ್ಲಿಂಗ್ ಯಾವುದು, ಹೊಸ ಹುಳುಕು ಯಾವುದು ಎಂದು ವೈದ್ಯರು ತಡಕಾಡಬೇಕಿತ್ತು.

13. ಗಾಜಿನ ಪುಡಿ ಬೆರೆಸಿದರೂ ಫಿಲ್ಲಿಂಗ್ ಸುಣ್ಣದಂತೆ ಮಂಕಾಗದೆ ಹಲ್ಲಿನಂತೆ ಕಾಣುವುದು ಹೇಗೆ? ಗಾಜಿನ ವಕ್ರೀಭವನಾಂಕ ರಾಳದ್ದಕ್ಕೆ, ಅಂದರೆ 1.5ರ ಆಸುಪಾಸಿಗೆ, ಹೊಂದುವಂತೆ ಗಾಜನ್ನೇ ಆರಿಸಿರುತ್ತಾರೆ. ಎರಡರ ಅಂಕವೂ ಹತ್ತಿರವಿದ್ದರೆ ಬೆಳಕಿಗೆ ಗಡಿ ಕಾಣುವುದಿಲ್ಲ.

14. ಚಿಕ್ಕಮಗಳೂರು ಜಿಲ್ಲೆಯ ಎರಡು ಬೆಳೆಗಳೂ ಫಿಲ್ಲಿಂಗ್‌ಗೆ ಆಗಿಬರುವುದಿಲ್ಲ. ಕಾಫಿಯ ಬಣ್ಣವನ್ನು ರಾಳ ಹೀರಿಕೊಳ್ಳುತ್ತದೆ. ಬಿಸಿ ತಗುಲಿದಾಗ ಹಲ್ಲಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು ಹಿಗ್ಗುತ್ತದೆ. ಅಡಕೆ ಇನ್ನೂ ಕೆಟ್ಟದ್ದು: ಜಗಿದಂತೆಲ್ಲ ರಾಳ ಮೊದಲು ಸವೆದು ಗಾಜಿನ ಕಣಗಳು ಮೇಲೆದ್ದು ಉದುರುತ್ತವೆ. ಅಡಕೆ ಜಗಿಯುವುದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿರುವಾಗ ಫಿಲ್ಲಿಂಗ್‌ನ ಸವೆತ ಸಣ್ಣ ಚಿಂತೆ ಬಿಡಿ.

15. ಕರೆಂಟೇ ಬೇಡದ ಗಾಜಿನ ಫಿಲ್ಲಿಂಗ್ ಕೂಡ ಇದೆ: ‘ಗ್ಲಾಸ್ ಅಯಾನೋಮರ್’. ಫ್ಲೋರೈಡ್ ಇರುವ ಗಾಜಿನ ಪುಡಿಯನ್ನು ಪಾಲಿಅಕ್ರಿಲಿಕ್ ಆಮ್ಲದೊಂದಿಗೆ ಕಲಸಿದರೆ ತಾನಾಗಿ ಗಟ್ಟಿಯಾಗುತ್ತದೆ, ಹಲ್ಲಿಗೆ ನೇರವಾಗಿ ಅಂಟುತ್ತದೆ. 1970ರ ದಶಕದ ಆರಂಭದಲ್ಲಿ ಇದನ್ನು ಲೋಕಕ್ಕೆ ಕೊಟ್ಟವರು ಲಂಡನ್ನಿನ ವಿಲ್ಸನ್ ಮತ್ತು ಕೆಂಟ್. 1980ರ ದಶಕದಲ್ಲಿ ಟಾಂಜಾನಿಯಾದ ಹಳ್ಳಿಗಳಲ್ಲಿ ಡ್ರಿಲ್ ಇಲ್ಲದೆ, ಕೈ ಉಪಕರಣದಿಂದ ಹುಳುಕು ಕೆರೆದು ತುಂಬುವ ಪದ್ಧತಿ ಬೆಳೆಯಿತು, ಆಮೇಲೆ ಅದಕ್ಕೆ ಒಗ್ಗಿದ್ದು ಇದೇ. ಬಲದಲ್ಲಿ ಕಾಂಪೋಸಿಟ್‌ಗೆ ಸಾಟಿಯಲ್ಲ, ಆದರೆ ಹಳ್ಳಿಯ ದಂತ ಶಿಬಿರಕ್ಕೆ ಹೇಳಿಮಾಡಿಸಿದಂತಿದೆ.

16. ಹಳೆಯ ಬೆಳ್ಳಿ ಬಣ್ಣದ ಅಮಾಲ್ಗಮ್ ಫಿಲ್ಲಿಂಗ್‌ನ ತೂಕದಲ್ಲಿ ಸುಮಾರು ಅರ್ಧ ಪಾದರಸ. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅನುಮೋದಿಸಿತು. ಆ ಜಾಗಕ್ಕೆ ಬರುತ್ತಿರುವುದು ಈ ಗಾಜು-ರಾಳದ ಜೋಡಿ.

ಲೆಕ್ಕದೊಳಗಿನ ಗಾಜು

17. ಈ ವಿಷಯದಲ್ಲಿ ಐನ್‌ಸ್ಟೈನ್ ಹೆಸರೂ ಬರುತ್ತದೆ! ದ್ರವದಲ್ಲಿ ಪುಟ್ಟ ಗೋಲಿಗಳು ತೇಲಿದರೆ ಅದು ಎಷ್ಟು ಮಂದವಾಗುತ್ತದೆ ಎಂದು 1906ರಲ್ಲಿ ಅವರು ಲೆಕ್ಕ ಹಾಕಿದರು. ಅದರಲ್ಲಿ ನುಸುಳಿದ್ದ ತಪ್ಪನ್ನು 1911ರಲ್ಲಿ ತಿದ್ದಿದರು: ಗೋಲಿಗಳ ಗಾತ್ರದ ಪಾಲಿಗೆ 2.5 ಪಟ್ಟು ಮಂದ ಹೆಚ್ಚುತ್ತದೆ. 1945ರಲ್ಲಿ ಯೂಜೀನ್ ಗುತ್ ಅದೇ ಎಳೆ ಹಿಡಿದು ಪಾಲಿಮರ್‌ನ ಬಿಗಿತಕ್ಕೆ ಸೂತ್ರ ಕೊಟ್ಟರು.

18. ಆ ಸೂತ್ರದಂತೆ ಗಾತ್ರದಲ್ಲಿ ಶೇ 20ರಷ್ಟು ಗಾಜಿನ ಮಣಿ ಬೆರೆಸಿದರೆ ವಸ್ತುವಿನ ಬಿಗಿತ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾದರೆ ಎಳೆದಾಗ ತಾಳುವ ಬಲವೂ ಇಮ್ಮಡಿಯೇ? ಇಲ್ಲ! ಮಣಿಗೂ ರಾಳಕ್ಕೂ ಅಂಟೇ ಇಲ್ಲದಿದ್ದರೆ, 1971ರಲ್ಲಿ ನಿಕೋಲಾಯಿಸ್ ಮತ್ತು ನಾರ್ಕಿಸ್ ಕೊಟ್ಟ ಸೂತ್ರದಂತೆ ಬಲ ಮೊದಲಿನ ಶೇ 59ಕ್ಕೆ ಇಳಿಯುತ್ತದೆ. ಬಾಗುವುದು ಕಡಿಮೆ, ಮುರಿಯುವುದು ಬೇಗ. ಅಂಟದ ಮಣಿ ಹೊರೆ ಹೊರುವುದಿಲ್ಲ, ರಾಳದಲ್ಲಿ ತೂತಿನಂತೆ ಕೂರುತ್ತದೆ.

19. ಅಂಟಿಸುವ ಮಧ್ಯವರ್ತಿಯ ಹೆಸರು ಸಿಲೇನ್. ಇದರ ಅಣುವಿನ ಒಂದು ತುದಿ ಗಾಜಿನ ಮೈಗೆ ಹತ್ತುತ್ತದೆ, ಇನ್ನೊಂದು ತುದಿ ರಾಳದ ಸರಪಳಿಯೊಳಗೆ ಸೇರಿಕೊಳ್ಳುತ್ತದೆ. ಪುಡಿಯ ಮೇಲೆ ಬಳಿಯುವ ಪದರ ಅತಿ ತೆಳು, ವಸ್ತುವಿನ ಬಲದ ಹಣೆಬರಹ ಅದರ ಕೈಯಲ್ಲಿ. ಬೋವೆನ್ ಅವರ ದಂತ ಕಾಂಪೋಸಿಟ್ ಗೆದ್ದದ್ದರಲ್ಲಿ ಹೊಸ ರಾಳದಷ್ಟೇ ಪಾಲು ಸಿಲೇನ್ ಹಚ್ಚಿದ ಪುಡಿಯದು.

20. ಒಂದು ಘನ ಸೆಂಟಿಮೀಟರ್ ಗಾಜಿನ ತುಂಡಿನ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮೈಕ್ರಾನ್‌ನ ಘನಗಳಾಗಿ ಕತ್ತರಿಸಿದರೆ ಲಕ್ಷ ಕೋಟಿ ತುಂಡುಗಳು, ಒಟ್ಟು ಹೊರಮೈ 6 ಚದರ ಮೀಟರ್. 0.04 ಮೈಕ್ರಾನ್‌ಗೆ ಇಳಿಸಿದರೆ 150 ಚದರ ಮೀಟರ್! ಅಷ್ಟು ಮೈಯನ್ನು ತೋಯಿಸಲು ರಾಳ ಸಾಲದು. ಅದಕ್ಕೇ ನುಣ್ಣನೆಯ ಪುಡಿಯನ್ನು ಬೇಕಾದಷ್ಟು ತುಂಬಲು ಆಗುವುದಿಲ್ಲ, ಮಿಶ್ರಣ ಕಲಸಲಾಗದಷ್ಟು ಮಂದವಾಗುತ್ತದೆ.

21. ಒಂದೇ ಗಾತ್ರದ ಗೋಲಿಗಳನ್ನು ಎಷ್ಟೇ ಜೋಡಿಸಿ ಒತ್ತಿದರೂ ಜಾಗದ ಶೇ 74ಕ್ಕಿಂತ ಹೆಚ್ಚು ತುಂಬದು. 1611ರಲ್ಲಿ ಕೆಪ್ಲರ್ ಹೀಗೆಂದು ಊಹಿಸಿದರು. ಥಾಮಸ್ ಹೇಲ್ಸ್ ಸಾಧಿಸಿ ತೋರಿಸಿದ್ದು 1998ರಲ್ಲಿ. ಸುಮ್ಮನೆ ಸುರಿದು ಅಲ್ಲಾಡಿಸಿದರೆ ಶೇ 64ರ ಹತ್ತಿರ ನಿಲ್ಲುತ್ತದೆ. ದಾರಿ ಒಂದೇ, ಗಾತ್ರಗಳನ್ನು ಬೆರೆಸುವುದು: ತೆಂಗಿನಕಾಯಿ ತುಂಬಿದ ಲಾರಿಯ ಸಂದಿಗಳಲ್ಲಿ ಅಡಕೆ ಹಿಡಿಸುತ್ತದೆ, ಅಡಕೆಯ ಸಂದಿಗಳಲ್ಲಿ ರಾಗಿ. ‘ಹೈಬ್ರಿಡ್’ ಕಾಂಪೋಸಿಟ್ ಎಂದರೆ ಇಷ್ಟೇ.

22. ಗಾಜಿನ ಬಲ ಕಡಿಮೆ ಇರುವುದು ಅದರ ಹುಟ್ಟುಗುಣವಲ್ಲ, ಅದರ ಮೈಮೇಲಿನ ಗೀರುಗಳ ಫಲ. ಎ.ಎ. ಗ್ರಿಫಿತ್ 1921ರ ಪ್ರಬಂಧದಲ್ಲಿ ಇದನ್ನು ತೋರಿಸಿದರು: ಗಾಜಿನ ಎಳೆ ತೆಳುವಾದಷ್ಟೂ ದೊಡ್ಡ ಗೀರಿಗೆ ಜಾಗವಿರದೆ ಬಲ ಏರುತ್ತದೆ. ಕಿಟಕಿ ಗಾಜು ಕೆಲವೇ ಹತ್ತು ಮೆಗಾಪಾಸ್ಕಲ್‌ಗೆ ಒಡೆದರೆ ಹೊಸದಾಗಿ ಎಳೆದ ಸಣ್ಣ ಗಾಜಿನ ನೂಲು 3,000 ದಾಟಿಯೂ ತಾಳುತ್ತದೆ.

23. ಗಾಜಿನ ಕಣ ಬಿರುಕಿಗೂ ಅಡ್ಡ ಬೀಳುತ್ತದೆ. ರಾಳದಲ್ಲಿ ಓಡುವ ಬಿರುಕು ಎರಡು ಕಣಗಳ ನಡುವೆ ಸಿಕ್ಕಿ ಬಿಲ್ಲಿನಂತೆ ಬಾಗುತ್ತದೆ, ಹಾಗೆ ಬಾಗಲು ಹೆಚ್ಚು ಶಕ್ತಿ ಬೇಕು. 1970ರಲ್ಲಿ ಎಫ್.ಎಫ್. ಲ್ಯಾಂಗ್ ವಿವರಿಸಿದ ಸಂಗತಿ ಇದು. ಬರೀ ಎಪಾಕ್ಸಿಗಿಂತ ಗಾಜಿನ ಮಣಿ ತುಂಬಿದ ಎಪಾಕ್ಸಿ ಬಿರುಕನ್ನು ಹೆಚ್ಚು ತಡೆಯಬಲ್ಲದು.

24. ಈ ಜೋಡಿಯ ಹಳೇ ವೈರಿ ನೀರು. ರಾಳದ ಮೂಲಕ ನಿಧಾನವಾಗಿ ಒಳಸೇರಿ ಗಾಜು-ಸಿಲೇನ್ ಬೆಸುಗೆಯನ್ನು ಬಿಡಿಸುತ್ತದೆ. ಹಾಗಾಗಿಯೇ ಫಿಲ್ಲಿಂಗ್ ಕಡ್ಡಿಯನ್ನು ಒಣಗಿದಾಗ ಪರೀಕ್ಷಿಸದೆ ನೀರಲ್ಲಿ ನೆನೆಸಿ ಪರೀಕ್ಷಿಸುವುದು.

ರಸ್ತೆ, ಹಳಿ, ತೋಟ

25. ಕಡೂರು, ಬೀರೂರು, ತರೀಕೆರೆ ಹಾದು ಹೊನ್ನಾವರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 69ರಂಥ ರಸ್ತೆಗಳ ಬಿಳಿ ಪಟ್ಟೆ ಬರೀ ಪೇಂಟ್ ಅಲ್ಲ. ಬಿಸಿ ಮಾಡಿ ಎಳೆಯುವ ಥರ್ಮೋಪ್ಲಾಸ್ಟಿಕ್ ಪಟ್ಟೆಯಾದರೆ ಅದರ ತೂಕದಲ್ಲಿ ಶೇ 30ರಿಂದ 40 ಗಾಜಿನ ಮಣಿ ಇರಬೇಕು, ಜೊತೆಗೆ ಹಸಿ ಪಟ್ಟೆಯ ಮೇಲೆ ಚದರ ಮೀಟರಿಗೆ 250 ಗ್ರಾಂ ಮಣಿ ಉದುರಿಸಬೇಕು. ಇದು ಕೇಂದ್ರ ಹೆದ್ದಾರಿ ಸಚಿವಾಲಯದ ನಿಯಮ.

26. ಎರಡು ಸಲ ಏಕೆ? ಮೇಲಿನ ಮಣಿ ಮೊದಲ ದಿನದಿಂದಲೇ ಹೊಳೆಯಲು. ಒಳಗಿನವು ಪಟ್ಟೆ ಸವೆದಂತೆ ಹೊರಬಂದು ಆ ಕೆಲಸ ಮುಂದುವರಿಸಲು. ಮಣಿ ಅರ್ಧಕ್ಕಿಂತ ತುಸು ಹೆಚ್ಚು ಹುದುಗಿರಬೇಕು. ಕಡಿಮೆ ಹುದುಗಿದರೆ ಲಾರಿ ಟಯರು ಕಿತ್ತೊಯ್ಯುತ್ತದೆ, ಪೂರ್ತಿ ಮುಳುಗಿದರೆ ಹೊಳಪೇ ಇಲ್ಲ. ಇಲ್ಲೂ ಪ್ರಶ್ನೆ ಹಿಡಿತದ್ದೇ. ಮಳೆಯಲ್ಲಿ ಗೆರೆ ಕಾಣದಿರುವುದು ಮಣಿಯ ಮೇಲೆ ನೀರಿನ ಪೊರೆ ಕೂರುವುದರಿಂದ.

27. ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ಹಳಿ ತರೀಕೆರೆ ಕಡೆಗೂ, ಹುಬ್ಬಳ್ಳಿಯ ಹಳಿ ಅಜ್ಜಂಪುರದ ಕಡೆಗೂ ಕವಲೊಡೆಯುತ್ತವೆ. ಟ್ರ್ಯಾಕ್ ಸರ್ಕ್ಯೂಟ್ ಇರುವೆಡೆ ರೈಲು ಎಲ್ಲಿದೆ ಎಂದು ಸಿಗ್ನಲ್‌ಗೆ ತಿಳಿಯಲು ಹಳಿಯ ವಿದ್ಯುತ್ತನ್ನು ಅಲ್ಲಲ್ಲಿ ತುಂಡರಿಸಬೇಕು. ಅಲ್ಲಿ ಹಾಕುವ ‘ಗ್ಲೂಡ್ ಜಾಯಿಂಟ್’ನಲ್ಲಿ ಹಳಿಗೂ ಫಿಶ್‌ಪ್ಲೇಟಿಗೂ ನಡುವೆ ಇರುವುದು ಎಪಾಕ್ಸಿ ಅಂಟು ಮತ್ತು ಗಾಜಿನ ಬಟ್ಟೆ. ವಿದ್ಯುತ್ ದಾಟಬಾರದು, ರೈಲಿನ ಭಾರ ದಾಟಬೇಕು!

28. ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಪಂಪಿನಲ್ಲಿ ಮೆಕ್ಯಾನಿಕ್ ‘ನೋರಿಲ್ ಇಂಪೆಲ್ಲರ್’ ಎನ್ನುವುದನ್ನು ತೆಂಗು-ಅಡಕೆ ಬೆಳೆಗಾರರು ಕೇಳಿಯೇ ಇರುತ್ತಾರೆ. ನೋರಿಲ್ ಒಂದು ಪ್ಲಾಸ್ಟಿಕ್. ಅದಕ್ಕೆ ಬಲ ಕೊಡಲು ಶೇ 20 ಅಥವಾ 30 ಗಾಜಿನ ಎಳೆ ಬೆರೆಸಿದ ತಳಿಗಳಿವೆ. ತುಕ್ಕಿಲ್ಲ, ಹಗುರ. ಶತ್ರು ಒಂದೇ, ನೀರಿನ ಜೊತೆ ಬರುವ ಮರಳು.

29. ಬೈಕಿನ, ಡ್ರಿಲ್ಲಿಂಗ್ ಮೆಷಿನ್ನಿನ ಕಪ್ಪು ಪ್ಲಾಸ್ಟಿಕ್ ಭಾಗವನ್ನು ತಿರುವಿ ನೋಡಿ: ‘ಪಿಎ66-ಜಿಎಫ್30’ ಎಂಬ ಅಚ್ಚು ಇರಬಹುದು. ಪಿಎ ಎಂದರೆ ನೈಲಾನ್, ಜಿಎಫ್ ಗಾಜಿನ ಎಳೆ, 30 ತೂಕದ ಶೇಕಡಾವಾರು. ಜಿಬಿ ಎಂದಿದ್ದರೆ ಗಾಜಿನ ಮಣಿ. ಎಳೆ ನೈಲಾನಿನ ಬಲವನ್ನು ಎರಡು ಪಟ್ಟು ಮಾಡಬಲ್ಲದು. ಮಣಿ ಅಷ್ಟು ಬಲ ಕೊಡದು. ಅದರ ಉಪಕಾರ ಬೇರೆ, ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗಿಸಿ ಭಾಗ ಸೊಟ್ಟಗಾಗದಂತೆ ನೋಡಿಕೊಳ್ಳುತ್ತದೆ.

30. ತರೀಕೆರೆ ಸಮೀಪದ ಅಮೃತಾಪುರದ ಅಮೃತೇಶ್ವರ ದೇಗುಲ 1196ರದು, ಹೊಯ್ಸಳರ ಬಳಪದ ಕಲ್ಲಿನ ಕೆಲಸ. ಆ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್ ಕೂಡ ಪ್ಲಾಸ್ಟಿಕ್‌ಗೆ ಬೆರೆಯುತ್ತದೆ. ಖನಿಜಗಳಲ್ಲೆಲ್ಲ ಮೆತ್ತನೆಯದಾದರೂ ಅದರ ಹಾಳೆಯಂಥ ಕಣಗಳು ಕಾರಿನ ಬಂಪರ್‌ನ ಪಾಲಿಪ್ರೊಪಿಲೀನ್‌ಗೆ ಬಿಗಿತ ಕೊಡುತ್ತವೆ. ಕಣದ ಗಡಸುತನಕ್ಕಿಂತ ಆಕಾರ ಮೇಲಾಗುವ ಸಂದರ್ಭ ಇದು.

31. ಗಾಜಿನ ಬದಲು ಅಡಕೆ ಸಿಪ್ಪೆಯ ನಾರು ಆದೀತೇ? ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇದು ಪ್ರಿಯವಾದ ವಿಷಯ. ನಾರನ್ನು ಹಾಗೇ ಬಳಸಿದರೆ ರಾಳ ಕಚ್ಚುವುದಿಲ್ಲ. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ ಮೈ ಒರಟು ಮಾಡಿದರೆ ಹಿಡಿತ ಸುಧಾರಿಸುತ್ತದೆ. ಗಾಜಿನಷ್ಟು ಬಲ ಬಾರದು, ಹಗುರ ಹಲಗೆಗೆ ಸಾಕು.

32. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಎರಡು ಸೀಟಿನ ‘ಹಂಸ’ ತರಬೇತಿ ವಿಮಾನದ ಮೈ ಮುಖ್ಯವಾಗಿ ಗಾಜಿನ ನೂಲು ಮತ್ತು ರಾಳದ್ದು. ಮೊದಲು ಹಾರಿದ್ದು 1993ರಲ್ಲಿ.

33. ಗಾಜಿನ ಮಣಿ ಟೊಳ್ಳಾಗಿದ್ದರೆ? ಎಪಾಕ್ಸಿಯಲ್ಲಿ ಅಂಥವನ್ನು ಒತ್ತಾಗಿ ತುಂಬಿದರೆ ನೀರಿನ ಮೇಲೆ ತೇಲುವ, ಆದರೂ ಕಡಲಾಳದ ಒತ್ತಡ ತಾಳುವ ವಸ್ತು ಸಿಗುತ್ತದೆ. 2012ರಲ್ಲಿ ಸಿನಿಮಾ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಸುಮಾರು 11 ಕಿ.ಮೀ. ಆಳದ ಮರಿಯಾನಾ ಕಂದಕಕ್ಕೆ ಇಳಿದ ನೌಕೆಯ ಬಹುಭಾಗ ಈ ಜಾತಿಯ ನೊರೆವಸ್ತುವಿನದೇ.

34. ರಾಳ ಹಿಡಿದಿಟ್ಟಿರುವತನಕ ಗಾಜು, ಸಿಲಿಕಾದ ಪುಡಿ ನಿರುಪದ್ರವಿ. ಕತ್ತರಿಸಿದಾಗ ಏಳುವ ಧೂಳು ಹಾಗಲ್ಲ. ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಜ್ ಹಲಗೆಯಲ್ಲಿ ಶೇ 90ರ ಆಸುಪಾಸು ಕ್ವಾರ್ಟ್ಜ್ ಪುಡಿ, ಉಳಿದದ್ದು ರಾಳ. ಅದನ್ನು ಒಣದಾಗಿ ಕೊಯ್ಯುವ ಕೆಲಸಗಾರರಿಗೆ ಸಿಲಿಕೋಸಿಸ್ ತಗಲುವುದನ್ನು ಕಂಡು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನಿಮ್ಮ ಮನೆಯಲ್ಲಿ ಇಂಥ ಹಲಗೆ ಕೊಯ್ಯಿಸುವುದಿದ್ದರೆ ನೀರು ಹನಿಸುತ್ತಲೇ ಕೊಯ್ಯಲು ಹೇಳಿ. ಕೊಯ್ಯುವವರ ಮುಖಕ್ಕೆ ಧೂಳು ತಡೆಯುವ ಮಾಸ್ಕ್ ಇದೆಯೇ ಎಂದೂ ನೋಡಿ, ಕರವಸ್ತ್ರ ಸಾಲದು.